ಹನ್ನೆರಡನೇ ಬೆಡ್ಡಲ್ಲ, ನನ್ನ ತಂಗಿ

ಆ ದಿನ ಬೆಳಗ್ಗೆ ಫ್ಲಾಸ್ಕಿನಲ್ಲಿ ಹಾಲು ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದೆ. ಹಿಂದಿನ ದಿನವಷ್ಟೇ ತಂಗಿಯ ಪಿತ್ತಕೋಶದ ಕಲ್ಲು ತೆಗೆದಿದ್ದರು. ಅರವತ್ತು ದಾಟಿದ್ದರೂ ಅವಳು ನನಗೆ ಪುಟ್ಟಿಯೇ. ವಾರ್ಡಿನ ಬಾಗಿಲಲ್ಲಿ, ಆಪರೇಷನ್ ಮಾಡಿದ್ದ ದೊಡ್ಡ ಡಾಕ್ಟರು ಎದುರಾದರು. ಅವರ ಕಣ್ಣು ಕೈಯಲ್ಲಿದ್ದ ಮೊಬೈಲಿನ ಮೇಲಿತ್ತು.

"ಹನ್ನೆರಡನೇ ಬೆಡ್ಡಾ? ಅದು ಎಕ್ಸ್‌ಪೈರ್ ಆಯ್ತು."

ಔಷಧಿಯ ಮಾತೆಂದುಕೊಂಡೆ. ಅವಧಿ ಮೀರಿದ ಮಾತ್ರೆಗೆ ಔಷಧಿ ಅಂಗಡಿಯವನು ಆಡುವ ಮಾತು ಅದು.

"ಹಾಗಾದ್ರೆ ಬೇರೆ ತಂದುಕೊಡಲಾ ಡಾಕ್ಟ್ರೇ?" ಎಂದು ಕೇಳಿದೆ.

"ಬಾಡಿ ಕೆಳಗಿದೆ. ಸಹಿ ಹಾಕಿ ತಗೊಂಡು ಹೋಗಿ" ಎಂದು ಹೇಳಿ, ತಲೆ ಎತ್ತದೆ ಹೊರಟುಹೋದರು.

ನಾನು ಎತ್ತಿ ಆಡಿಸಿದ ಮಗು, ಇಬ್ಬರು ಮೊಮ್ಮಕ್ಕಳ ಅಜ್ಜಿ, ಆ ಬಾಗಿಲಲ್ಲಿ 'ಅದು' ಆದಳು.

ಕಿರಿಯ ಡಾಕ್ಟರಮ್ಮ ಓಡಿ ಬಂದಳು. ಇನ್ನೂ ಹುಡುಗಿ. ನನ್ನ ಕೈಯಿಂದ ಫ್ಲಾಸ್ಕ್ ತೆಗೆದಿಟ್ಟು, ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಳು.

"ಅಮ್ಮಾ, ನಿಮ್ಮ ತಂಗಿ ತೀರಿಕೊಂಡ್ರು. ಒಳಗೆ ರಕ್ತ ಸೋರ್ತಾ ಇತ್ತು. ಹೊಟ್ಟೆ ಉಬ್ಬಿದ್ದು ವಾಯು ಇರಬೇಕು ಅಂತ ಸುಮ್ಮನಾದೆ. ನನ್ನ ತಪ್ಪು."

ಸಿಟ್ಟಿನಲ್ಲಿ ಅವಳ ಕೈ ಕೊಡವಿದೆ. ಅವಳು ಎದ್ದು ಹೋಗಲಿಲ್ಲ. ತಂಗಿಯ ಮಗ ಬರುವವರೆಗೂ ಅಲ್ಲೇ ಕುಳಿತು ಅತ್ತಳು.

ದುಃಖದ ದಿನಗಳು ಕಳೆದ ಮೇಲೆ ತಂಗಿಯ ಮಗ ನನ್ನನ್ನು ವಕೀಲರಲ್ಲಿಗೆ ಕರೆದುಕೊಂಡು ಹೋದ. ವಕೀಲರು ಕನ್ನಡಕ ಒರೆಸುತ್ತ ಹೇಳಿದರು:

"ಕೇಸು ಗಟ್ಟಿಯಾಗಿದೆ ಅಮ್ಮ. ಆ ಹುಡುಗಿ ನಿಮ್ಮೆದುರೇ ತಪ್ಪು ಒಪ್ಪಿಕೊಂಡಿದ್ದಾಳೆ. ನೀವು ಅಷ್ಟು ಹೇಳಿದ್ರೆ ಸಾಕು."

"ಮತ್ತೆ ಆ ದೊಡ್ಡ ಡಾಕ್ಟ್ರು?"

"ಅವರು ಭಾರೀ ಕುಳ. ಒರಟಾಗಿ ಮಾತಾಡಿದ್ದಕ್ಕೆಲ್ಲ ಕೇಸು ಹಾಕೋಕಾಗಲ್ಲ."

"ಒರಟು ಮಾತಿಗಲ್ಲಪ್ಪಾ. ಹಿಂದಿನ ಸಂಜೆ ಪುಟ್ಟಿ 'ಅಕ್ಕಾ, ಹೊಟ್ಟೆ ಬಿರಿಯುತ್ತೆ' ಅಂತ ಹೊರಳಾಡ್ತಿದ್ದಳು. ಒಂದ್ಸಲ ಮುಟ್ಟಿ ನೋಡಿ ಸರ್ ಅಂತ ಆ ಹುಡುಗಿಯೇ ಬೇಡಿಕೊಂಡಳು. ಆತ ಬಾಗಿಲಲ್ಲೇ ನಿಂತು, 'ಕೊಯ್ದ ಮೇಲೆ ನೋಯದೆ ಕಚಗುಳಿ ಆಗುತ್ತಾ? ವಾಯು ಅದು' ಅಂತ ನಕ್ಕು ಹೋದ. ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟಾದರೂ ಹುಡುಗಿ ಅವನ ಕಡೆ ಬೆರಳು ತೋರಿಸಲಿಲ್ಲ, ನನ್ನ ತಪ್ಪು ಅಂದಳು."

ಮಗನಿಗೆ ತಡೆಯಲಾಗಲಿಲ್ಲ. "ದೊಡ್ಡಮ್ಮಾ, ಅವಳು ಅತ್ತಳು ಅಂತ ನೀನು ಕರಗಿಬಿಟ್ಟೆ. ನಾಲ್ಕು ಹನಿ ಕಣ್ಣೀರಿಗೆ ನನ್ನ ಅಮ್ಮನ್ನ ಬಿಟ್ಟುಕೊಡ್ತೀಯಾ?"

ಆ ಮಾತು ಎದೆಗೆ ನಾಟಿತು. ಹೆತ್ತವಳನ್ನು ಕಳೆದುಕೊಂಡವನು, ಅವನ ಮೇಲೆ ಸಿಟ್ಟು ಮಾಡಲಾರೆ.

"ಕರಗೋಕೆ ನಾನೇನು ಬೆಲ್ಲದ ಅಚ್ಚೇನೋ? ಅವಳ ತಪ್ಪನ್ನ ತಪ್ಪಲ್ಲ ಅಂತ ನಾನು ಹೇಳೋದಿಲ್ಲ. ಕೋರ್ಟಿನಲ್ಲಿ ಕೇಳಿದರೆ ಇದ್ದದ್ದು ಇದ್ದ ಹಾಗೇ ಹೇಳ್ತೀನಿ. ಆದರೆ ಒಪ್ಪಿಕೊಂಡವಳನ್ನ ಹಿಡಿದು, ಬಾಯಿ ಹೊಲಿದುಕೊಂಡವನನ್ನ ಬಿಟ್ಟರೆ, ನಾಳೆ ಯಾವ ಡಾಕ್ಟರು ಯಾರ ಮುಂದೆ ನಿಜ ಹೇಳ್ತಾನೆ? ನಿನ್ನ ಅಮ್ಮನ ಹೆಸರಲ್ಲಿ ಅಂಥ ಪಾಠ ಕಲಿಸೋದಕ್ಕೆ ನಾನು ಬಿಡೋದಿಲ್ಲ." ವಕೀಲರ ಕಡೆ ತಿರುಗಿದೆ. "ನನ್ನ ಸಾಕ್ಷಿ ಬೇಕಾದರೆ ದೊಡ್ಡವನ ಮೇಲೆ ಬರೀರಿ. ಇಲ್ಲದಿದ್ದರೆ ನಾನು ಸಹಿ ಹಾಕೋದಿಲ್ಲ."

"ಬಂಡೆಗೆ ತಲೆ ಚಚ್ಚಿಕೊಂಡ ಹಾಗಾಗುತ್ತೆ ಅಮ್ಮ. ಸೋಲಬಹುದು."

"ತಲೆ ನನ್ನದು ತಾನೇ? ಸೋತರೆ ಸೋಲಲಿ. ಆತನನ್ನ ಕಟಕಟೆಯಲ್ಲಿ ನಿಲ್ಲಿಸಿ. ಅಲ್ಲಿ ಮೊಬೈಲು ನೋಡ್ತಾ ನಿಲ್ಲೋ ಹಾಗಿಲ್ಲ. ನನ್ನ ಮುಖ ನೋಡಿ, ಆ ಹೊಟ್ಟೆ ಯಾಕೆ ಮುಟ್ಟಲಿಲ್ಲ ಅಂತ ಹೇಳಲಿ."

ಮಗ ಮುಖ ಒರೆಸಿಕೊಂಡ. ಅಷ್ಟು ದಿನಗಳಲ್ಲಿ ಮೊದಲ ಸಲ ಅವನ ತುಟಿಯಲ್ಲಿ ನಗು ಸುಳಿಯಿತು. "ಅಮ್ಮ ಹೇಳ್ತಾನೇ ಇದ್ದಳು ಸಾರ್, ನಮ್ಮಕ್ಕನದು ಉಡದ ಹಿಡಿತ ಅಂತ. ಬರೀರಿ."

ವಕೀಲರು ಮೊದಲು ಬರೆದಿದ್ದ ಹಾಳೆಯನ್ನು ಹರಿದರು. ಹೊಸದಾಗಿ ಬರೆದುದನ್ನು ಓದಿಸಿ ಕೇಳಿದೆ. 'ರೋಗಿ' ಎಂದಿದ್ದ ಕಡೆಯಲ್ಲೆಲ್ಲ 'ನನ್ನ ತಂಗಿ' ಎಂದು ತಿದ್ದಿಸಿ ಸಹಿ ಹಾಕಿದೆ.

ಸಂಜೆ ದೇವರ ಮುಂದೆ ಕುಳಿತೆ.

ತಂದೆಯೇ, ಸಿಟ್ಟನ್ನು ಹೊತ್ತುಕೊಂಡೇ ಬಂದಿದ್ದೇನೆ. ಅದನ್ನು ಇಳಿಸೆಂದು ಕೇಳುವುದಿಲ್ಲ. ನನಗೆ ಇನ್ನೂ ಕೆಲಸವಿದೆ, ಶಾಂತಿ ಆಮೇಲೆ ಕೊಡುವೆಯಂತೆ. ಅವಳಿಗೆ ಮಾತ್ರ ಈಗಲೇ ಕೊಡು. ನಿನ್ನಲ್ಲಿ ಯಾರೂ ಅವಳನ್ನು ಬೆಡ್ಡಿನ ನಂಬರಿನಿಂದ ಕರೆಯದಿರಲಿ. ಪುಟ್ಟೀ ಎಂದು ಕರೆ, ತಿರುಗಿ ನೋಡುತ್ತಾಳೆ. ನೊಂದ ಆ ಹೊಟ್ಟೆಯ ಮೇಲೆ ನಿನ್ನ ಕೈ ಇಡು. ಅವಳ ಜೀವ ತಣ್ಣಗಿರಲಿ.