ಸಕ್ಕರೆ ಇಲ್ಲದ ಅಡುಗೆಮನೆ

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನವೇ ನಾನು ಮನೆಯಲ್ಲಿದ್ದ ಸಕ್ಕರೆ ಡಬ್ಬವನ್ನೂ ಬೆಲ್ಲದ ಅಚ್ಚನ್ನೂ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಕುಪ್ಪಮ್ಮನಿಗೆ ಕೊಟ್ಟುಬಿಟ್ಟೆ. ಅದು ತೊಂಬತ್ತಾರನೇ ಇಸವಿ. ತಮಿಳು ಸೀಮೆಯ ಎಡಪ್ಪಾಡಿಯ ನಮ್ಮ ನೇಕಾರರ ಬೀದಿಯಲ್ಲಿ ಇಂಥ ಕೆಲಸ ಮಾಡಿದವಳು ನಾನೊಬ್ಬಳೇ. ಅದನ್ನು ಹತ್ತು ಜನರಿಗೆ ಹೇಳಿಕೊಂಡೂ ತಿರುಗಿದೆ. ಜಂಬ ಬೇರೆ.

ಊರಿಗೆಲ್ಲ ಅವರು ನಂಜಪ್ಪ. ಗಂಡನ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ, ಹಾಗಾಗಿ ನನಗೆ ‘ಅವರು’ ಅಷ್ಟೆ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತರೆ ಕತ್ತೆತ್ತದೆ ನೇಯುವ ಗಟ್ಟಿ ಆಳು. ನಾಲಿಗೆ ಮಾತ್ರ ಐದು ವರ್ಷದ ಮಗುವಿನದು. ಬೆಳಿಗ್ಗೆ ಬೋಂಡಾ, ಸಂಜೆ ನಡುವೆ ಚಟ್ನಿ ಇಟ್ಟ ತಟ್ಟುವಡೆ ಸೆಟ್, ನಡುನಡುವೆ ಮೂರು ಚಮಚ ಸಕ್ಕರೆಯ ಕಾಫಿ.

ಡಾಕ್ಟರು ಬೇಡ ಅಂದದ್ದನ್ನೆಲ್ಲ ನಾನು ಬಾಯಿಪಾಠ ಮಾಡಿಕೊಂಡೆ. ಅನ್ನ ಒಂದೇ ಹೊತ್ತು, ಅದೂ ಒಂದು ಬಟ್ಟಲು. ರಾತ್ರಿಗೆ ರಾಗಿ ಮುದ್ದೆ, ಆದರೆ ಮೊದಲಿನ ಅರ್ಧ. ರಾಗಿ ಒಳ್ಳೆಯದು ಅಂತ ಎರಡೆರಡು ಮುದ್ದೆ ಇಳಿಸಿದರೆ ಅದೂ ಸಕ್ಕರೆಯೇ ಅಂದಿದ್ದರು ಡಾಕ್ಟರು. ಸೊಪ್ಪು, ಹುರುಳಿ ಜಾಸ್ತಿ. ಸಂಜೆಗೆ ಬೋಂಡಾದ ಬದಲು ಬೇಯಿಸಿದ ಕಡಲೆ ಸುಂಡಲ್. ಕೊನೆಗೆ ಇನ್ನೊಂದು ಮಾತನ್ನೂ ಹೇಳಿದ್ದರು. ಮಾತ್ರೆ ನುಂಗಿದ ಅರ್ಧ ಗಂಟೆಗೆ ತಿಂಡಿ ತಿನ್ನಲೇಬೇಕು, ಹೊತ್ತು ಮೀರಿ ಕೈ ನಡುಗಿ ಬೆವರಿದರೆ ತಕ್ಷಣ ಸಕ್ಕರೆ ಕೊಡಿ ಅಂತ. ಸಕ್ಕರೆ ಕಾಯಿಲೆಗೆ ಸಕ್ಕರೆಯೇ ಮದ್ದೇ ಅಂತ ನಾನು ಒಳಗೊಳಗೇ ನಕ್ಕೆ. ಆ ಮಾತು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು.

ಅವರ ಕಿವಿಯಲ್ಲಿ ಮಾತ್ರ ಅದೊಂದೇ ಮಾತು ಉಳಿದಿತ್ತು. ಒಂದು ಸಂಜೆ ಮಗ್ಗದಿಂದ ಎದ್ದು ಬಂದು ಗೋಡೆಗೆ ಒರಗಿ, “ತಲೆ ಸುತ್ತುತೈತೆ ಕಣಮ್ಮಿ, ಒಂದ್ ಚೂರು ಬೆಲ್ಲ ಕೊಡು” ಅಂದರು. ನಾನು ಎದ್ದೆನೋ ಬಿದ್ದೆನೋ ಅಂತ ಕುಪ್ಪಮ್ಮನ ಮನೆಗೆ ಓಡಿ ತಂದುಕೊಟ್ಟೆ. ಚಪ್ಪರಿಸಿ ತಿಂದು ಮೀಸೆಯಡಿಯಲ್ಲಿ ನಕ್ಕರು. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಆಟ, ಮತ್ತೆ ಬೆಲ್ಲ, ಮತ್ತೆ ಅದೇ ನಗು. ನನಗೆ ಮೈಯೆಲ್ಲ ಉರಿದುಹೋಯಿತು. ಮೂರನೇ ಸಲ ಬರ್ಲಿ, ನೋಡ್ಕೊಳ್ತೀನಿ ಅಂದುಕೊಂಡೆ.

ದೀಪಾವಳಿಗೆ ಒಂದು ತಿಂಗಳಿತ್ತು. ಅವತ್ತು ನಮ್ಮ ಬೀದಿಯಲ್ಲಿ ಪಾವು ಹಾಕುವ ಸರದಿ. ಹಾಸಿನ ನೂಲನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಉಜ್ಜುತ್ತಾ ನಡೆಯಬೇಕು. ಗಂಜಿ ಹಚ್ಚಿದ ಮೇಲೆ ನಡುವೆ ಯಾರೂ ಬಿಟ್ಟು ಹೋಗುವ ಹಾಗಿಲ್ಲ, ಎಳೆಗೆ ಎಳೆ ಅಂಟಿಕೊಂಡುಬಿಡುತ್ತದೆ. ಮುಗಿಯುವ ತನಕ ತಿಂಡಿಯ ಮಾತೇ ಇಲ್ಲ. ಅಪ್ಪ ತಾತನ ಕಾಲದಿಂದಲೂ ಹಾಗೇ.

ಆರು ಗಂಟೆಗೆ ನಾನೇ ಕೈಯಾರೆ ಮಾತ್ರೆ ಕೊಟ್ಟೆ. ಕಾವಲಿ ಕಾಯುವಷ್ಟರಲ್ಲಿ ಬೀದಿಯಿಂದ ಕೂಗು ಬಂತು, ಅವರು ಹೊರಟರು. ಬೇರೆ ಸಲ ಏಳೂವರೆಗೆಲ್ಲ ಮುಗಿಯುವ ಕೆಲಸ. ಅವತ್ತು ನೂಲು ಹರಿದು ಹರಿದು ಬಂತು, ಒಂಬತ್ತಾದರೂ ಮುಗಿಯಲಿಲ್ಲ.

ಆಗ ಅವರು ಕುಂಚವನ್ನು ಪಕ್ಕದವರ ಕೈಗೆ ಕೊಟ್ಟು ಬಾಗಿಲಿಗೆ ಬಂದರು. ಮೊಳಕೈವರೆಗೆ ಗಂಜಿ, ಬನಿಯನ್ ಬೆವರಿಗೆ ತೊಪ್ಪೆ.

“ರಾಜಾತಿ, ಸಕ್ಕರೆ ಆಕಿ ಒಂದ್ ಲೋಟ ಕಾಪಿ ಕೊಡು. ಕೈ ನಡುಗುತೈತೆ.”

“ಬೆಳಗ್ಗೆಯಿಂದ ಕುಂಚ ಎಳೆದ್ರೆ ಕೈ ನಡುಗ್ದೆ ಇನ್ನೇನು? ಈ ನಾಟ್ಕ ನಾನು ಎರಡು ಸಲ ನೋಡಾಗೈತೆ. ಓಗಿ, ಪಾವು ಮುಗ್ಸಿ ಬನ್ನಿ, ದೋಸೆ ಉಯ್ತೀನಿ.”

“ಸತ್ಯವಾಗ್ಲೂ ಕಣಮ್ಮಿ.”

“ನಿಮ್ಮ ಸತ್ಯ ನನಗೆ ಗೊತ್ತಿಲ್ವಾ?”

ಅವರು ಇನ್ನೇನೋ ಹೇಳಲು ಬಾಯಿ ತೆರೆದರು, ಮಾತು ತೊದಲಿತು. ಅದನ್ನೂ ನಾಟಕ ಅಂದುಕೊಂಡೆ. ಗೋಡೆ ಹಿಡಿದುಕೊಂಡು ವಾಪಸ್ಸು ಹೋದರು. ಸುಳ್ಳು ಹೇಳಿ ಏನು ಪ್ರಯೋಜನ, ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು. ಗೆದ್ದೆ ಅನ್ನಿಸಿತ್ತು. ಕಾವಲಿ ಮೇಲೆ ನೀರು ಚಿಮುಕಿಸಿ ಹಾಡು ಗುನುಗಿಕೊಂಡೆ.

ಕಾಲು ಗಂಟೆಯೂ ಆಗಿರಲಿಲ್ಲ, ಬೀದಿಯೆಲ್ಲ ಬೊಬ್ಬೆ. ಓಡಿದೆ. ಅವರು ಹಾಸಿನ ಮೇಲೇ ಕುಸಿದುಬಿದ್ದಿದ್ದರು. ಕುಪ್ಪಮ್ಮ ಆಗಲೇ ಪಕ್ಕದಲ್ಲಿ ಕೂತು ಕತ್ತು ಮುಟ್ಟಿ ನೋಡುತ್ತಿದ್ದಳು. ಅವಳ ಅಣ್ಣನಿಗೂ ಇದೇ ಕಾಯಿಲೆ, ಅವಳು ಇದನ್ನೆಲ್ಲ ಕಂಡವಳು.

“ಮೈಯೆಲ್ಲ ತಣ್ಣಗೈತಲ್ಲೇ! ಮಾತ್ರೆ ಕೊಟ್ಯಾ?”

“ಆರು ಗಂಟೆಗೇ ಕೊಟ್ಟೆ.”

“ತಿನ್ನಾಕೆ?”

ನಾನು ಇಲ್ಲವೆಂದು ತಲೆಯಾಡಿಸಿದೆ.

“ಅಡಿಪಾವಿ, ಪಾಪಿ! ಸಕ್ಕರೆ ತಗೊಂಡ್ ಬಾರೇ, ಸೀಕ್ರಂ!”

ನಮ್ಮ ಅಡುಗೆಮನೆಗೇ ಓಡಿದೆ. ಹುರುಳಿ, ಮೆಂತೆ, ಕಡಲೆ, ರಾಗಿ ಹಿಟ್ಟು, ಒಂದೊಂದೇ ಡಬ್ಬ ತೆಗೆದು ನೋಡಿದೆ. ಇಲ್ಲ ಅಂತ ಗೊತ್ತಿದ್ದೂ ನೋಡಿದೆ. ಆಮೇಲೆ ಕುಪ್ಪಮ್ಮನ ಮನೆಗೆ ಓಡಿದೆ. ಆ ಎರಡು ನಿಮಿಷ ನನ್ನ ಜನ್ಮದಲ್ಲಿ ಮರೆಯುವಂಥದ್ದಲ್ಲ. ನೀರಿಗೆ ಸಕ್ಕರೆ ಕದಡಿ ಕುಪ್ಪಮ್ಮ ಹನಿಹನಿಯಾಗಿ ಬಾಯಿಗೆ ಬಿಟ್ಟಳು. ಸದ್ಯ, ನುಂಗುವಷ್ಟು ಪ್ರಜ್ಞೆ ಇತ್ತು. ಪಾವು ಹಾಕುತ್ತಿದ್ದವರೇ ಎತ್ತಿಕೊಂಡು ಹೋಗಿ ವ್ಯಾನಿಗೆ ಹಾಕಿದರು.

ಆಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ಗ್ಲೂಕೋಸ್ ಏರಿಸಿದರು. ಮಾರನೇ ದಿನ ಡಾಕ್ಟರು ಬಂದು, ಇಷ್ಟಾಗುವ ತನಕ ಮನೆಯಲ್ಲಿ ಯಾರೂ ಇರಲಿಲ್ಲವೇ ಅಂತ ತಮಿಳಿನಲ್ಲಿ ಕೇಳಿದರು. ಮಂಚದ ಮೇಲೆ ಮಲಗಿದ್ದ ಅವರ ಕಾಲ ಬಳಿಯೇ ನಾನು ನಿಂತಿದ್ದೆ. ಒಪ್ಪಿಕೊಳ್ಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವರೇ, “ಯಾರುಂ ಇಲ್ಲ ಸಾರ್” ಅಂದುಬಿಟ್ಟರು.

ಡಾಕ್ಟರು ಅತ್ತ ಹೋದ ಮೇಲೆ ನಾನು ಇಡ್ಲಿ ಮುರಿದು ಬಾಯಿಗೆ ಕೊಟ್ಟೆ. ಎರಡು ತುತ್ತು ತಿಂದು, ನನ್ನ ಮುಖ ನೋಡದೆ ಕೇಳಿದರು.

“ಇನ್ನೊಂದ್ ಸಲ ಇಂಗಾದ್ರೆ ನಿನಗೆ ಎಂಗೆ ಹೇಳ್ಲಿ ರಾಜಾತಿ? ಎಂಗೆ ಹೇಳುದ್ರೆ ನಂಬ್ತೀಯ?”

ಕೊಂಕಿಗೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಅತ್ತುಬಿಟ್ಟೆ.

ಈಗ ಅವರು ಇಕ್ಕಿದ್ದನ್ನು ಇಕ್ಕಿದಷ್ಟೇ ಉಣ್ಣುತ್ತಾರೆ. ಬೋಂಡಾ ಇಲ್ಲ, ಬೆಲ್ಲ ಇಲ್ಲ, ನಾಟಕವಿಲ್ಲ. ಬೀದಿಯವರು ನನ್ನನ್ನು ಹೊಗಳುತ್ತಾರೆ. ಮಗ್ಗದ ಸದ್ದು ನಿಂತರೆ ಸಾಕು, ನಾನು ಒಲೆ ಬಿಟ್ಟು ಓಡಿಹೋಗಿ ಅವರ ಹಣೆ ಮುಟ್ಟಿ ನೋಡುತ್ತೇನೆ. ಅವರಾಗಿ ಅವರು ನನ್ನ ಹತ್ತಿರ ಏನನ್ನೂ ಕೇಳುವುದಿಲ್ಲ.