ಬಿರುಕು ಟೈಲ್ಸಿನ ಮೇಲೆ ಕಾಶಿಯ ಕೈ

ಕಾರವಾರದ ಮೀನುಪೇಟೆಯಲ್ಲಿ ಮೂವತ್ತೈದು ವರ್ಷ ಬುಟ್ಟಿ ಮುಂದೆ ಕೂತ ಕಾಶಿಗೆ ಇದುವರೆಗೆ ಯಾರೂ ಟೋಪಿ ಹಾಕಿರಲಿಲ್ಲ. ಇದು ಅವಳೇ ಹೇಳುವ ಮಾತು. ಕೇಳದವರನ್ನೂ ನಿಲ್ಲಿಸಿ ಹೇಳುತ್ತಾಳೆ. ಬಂಗಡೆಯ ಕಿವಿರು ಎತ್ತಿ ನೋಡಿದಳೆಂದರೆ ಅದು ನಿನ್ನೆಯದೋ ಮೊನ್ನೆಯದೋ, ಬರ್ಫದಲ್ಲಿ ಎಷ್ಟು ಹೊತ್ತು ಮಲಗಿತ್ತೋ, ಎಲ್ಲ ಜಾತಕ ಓದಿದ ಹಾಗೆ ಹೇಳಿಬಿಡುವಳು. ಮಂಡಿನೋವು ಹತ್ತಿಕೊಂಡು ಬುಟ್ಟಿ ಬಿಟ್ಟು ಎರಡು ವರ್ಷವಾಗಿತ್ತು. ಬಾಯಿ ಮಾತ್ರ ಇನ್ನೂ ಪೇಟೆಯಲ್ಲೇ ಇತ್ತು.

ಅಂಥ ಕಾಶಿ ಈಗ ಅಂಕೋಲೆಯ ಟೈಲ್ಸ್ ಅಂಗಡಿಯೊಂದರಲ್ಲಿ ಸ್ಟೂಲಿನ ಮೇಲೆ ಕೂತು ಆರನೇ ಪೆಟ್ಟಿಗೆ ಬಿಚ್ಚಿಸುತ್ತಿದ್ದಳು. ಒಂದೊಂದೇ ಟೈಲ್ಸ್ ಎತ್ತುವುದು, ಬೆಳಕಿಗೆ ಹಿಡಿಯುವುದು, ಬೆರಳಲ್ಲಿ ಟಕ್ ಎಂದು ಬಡಿಯುವುದು, ಪಕ್ಕಕ್ಕಿಡುವುದು.

"ಇದೂ ಒಡ್ದದ್ದು. ಇದೂ ಒಡ್ದದ್ದು. ಎಂತಾ ಮಾರಾಯಾ, ಇಡೀ ಲಾರಿ ಹೊಂಡಕ್ಕೆ ಬಿದ್ದಿತ್ತಾ?"

ಅಂಗಡಿಯ ಗುರುಪ್ರಸಾದ ಹಣೆ ಒರೆಸಿಕೊಂಡ. "ಅಮ್ಮಾ, ಇದು ಒಡ್ದದ್ದಲ್ಲ. ಕ್ರ್ಯಾಕಲ್ ಟೈಲ್ಸ್ ಅಂದ್ರೆ ಹಿಂಗೇ. ಮೇಲಿನ ಹೊಳಪಿನ ಪದರು ಮಾತ್ರ ಸಣ್ಣ ಸಣ್ಣ ಬಿರಿತದೆ. ಬೇಕು ಅಂತನೇ ಬಿರಿಸ್ತಾರೆ."

"ಬೇಕು ಅಂತ ಬಿರಿಸ್ತಾರಾ! ನಾನೂ ಹೊಟ್ಟೆ ಒಡ್ದ ತಾರ್ಲೆ ಮೀನು ಮುಂದಿಟ್ಕಂಡು ಇದು ಡಿಸೈನು ಅಂತ ಹೇಳ್ಬೇಕಾಗಿತ್ತು. ನಂಗೆ ಬುದ್ಧಿ ಇರ್ಲಿಲ್ಲ."

ಬಾಗಿಲ ಹತ್ತಿರ ನಿಂತಿದ್ದ ಸೊಸೆ ಲತಾ ಮೆಲ್ಲಗೆ, "ಅತ್ತೆ, ನಂಗೆ ಇದೇ ಬೇಕು," ಎಂದಳು.

ಲತಾ ವಾಟ್ಸಾಪಿನಲ್ಲಿ ಆರ್ಡರ್ ತಗೊಂಡು ಮನೆಮನೆಗೆ ಒಣಮೀನು ಮುಟ್ಟಿಸುವವಳು. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಒಬ್ಬರ ಅಡಿಗೆಮನೆಯಲ್ಲಿ ಈ ಟೈಲ್ಸ್ ನೋಡಿದ್ದಳು. ಹಾಲಿಗೆ ಚೂರು ಹಸಿರು ಬೆರೆಸಿದಂಥ ಬಣ್ಣ, ಅದರೊಳಗೆ ಕೂದಲಿಗಿಂತ ತೆಳ್ಳಗಿನ ಗೆರೆಗಳು. ಅವತ್ತು ಒಣಸಿಗಡಿ ಕೊಟ್ಟು ಬಂದವಳು ಮೂರು ದಿನ ಅದೇ ಮಾತಾಡಿದ್ದಳು. ಒಡೆದ ತಟ್ಟೆಯನ್ನೇ ಮನೆಯಲ್ಲಿಡಬಾರದು ಎನ್ನುವ ಕಾಶಿಗೆ ಒಡೆದ ಗೋಡೆ ಎಂದರೆ ಮೈ ಉರಿಯಿತು. ಆದರೆ ಏನು ಮಾಡುವುದು, ಮಾತು ಕೊಟ್ಟಾಗಿತ್ತು.

ಆ ಮಾತಿನ ಕತೆ ಹೀಗೆ. ಲತಾ ಕೋಡಿಬಾಗದ ಈ ಮನೆಗೆ ಬಂದು ಆರು ವರ್ಷ. ಆರು ವರ್ಷವೂ ಅವಳು ದಿನಾ ಕೇಳಿದ್ದು ಒಂದೇ ಪ್ರಶ್ನೆ: "ಅತ್ತೆ, ಉಪ್ಪು ಎಲ್ಲಿಟ್ಟಿದ್ರಿ?" ಯಾಕೆಂದರೆ ಕಾಶಿ ಉಪ್ಪಿನ ಡಬ್ಬಿಯನ್ನು ಒಂದು ಕಡೆ ಇಡುತ್ತಿರಲಿಲ್ಲ. ಇವತ್ತು ಒಲೆಯ ಬಲಕ್ಕೆ, ನಾಳೆ ಅಕ್ಕಿ ಡ್ರಮ್ಮಿನ ಹಿಂದೆ, ನಾಡಿದ್ದು ಈಳಿಗೆಮಣೆಯ ಮೂಲೆಗೆ. ಮರೆವು ಎಂದು ಅವಳು ಹೇಳುತ್ತಿದ್ದಳು. ಮರೆವೂ ಇಲ್ಲ, ಮಣ್ಣೂ ಇಲ್ಲ. ಸೊಸೆ ಬಂದು ಕೇಳಬೇಕು, ತಾನು ಕತ್ತು ಎತ್ತಿ ಹೇಳಬೇಕು, ಆ ಸುಖವೇ ಸುಖ. ಹಳೆ ಅಡಿಗೆಮನೆ ಕುಸಿದು ಹೊಸದು ಕಟ್ಟಿಸುವಾಗ ಲತಾ, "ಒಲೆ ಹಿಂದಿನ ಗೋಡೆ ಒಂದು ನನ್ನ ಮನಸಿಗೆ ಬಂದಂಗೆ ಮಾಡ್ಕಳ್ಲಾ?" ಎಂದು ಕೇಳಿದ್ದಳು. ಮಗ ಕಿಶನ ಎದುರಿಗಿದ್ದ, ಗಂಡ ರಾಮಾ ಎದುರಿಗಿದ್ದ. ಕಾಶಿ ದೊಡ್ಡ ಮನಸ್ಸು ತೋರಿಸುವ ಭರದಲ್ಲಿ, "ಗೋಡೆ ಎಂತಾ, ಇಡೀ ಅಡಿಗೆಮನೆನೇ ನಿಂದು, ತಗ!" ಅಂದುಬಿಟ್ಟಳು. ಅಂದದ್ದೇ ತಡ, ಲೆಕ್ಕ ಹಾಕತೊಡಗಿದಳು. ಮೀನುಬುಟ್ಟಿ ಹೋಯಿತು, ಇನ್ನು ಅಡಿಗೆಮನೆಯೂ ಹೋದರೆ ತಾನು ಈ ಮನೆಯಲ್ಲಿ ಯಾರು? ಜಗಲಿಯಲ್ಲಿ ಕೂತು ಬಲೆ ಹೊಲಿಯುವ ರಾಮಾನ ಪಕ್ಕ ಇನ್ನೊಂದು ಬಲೆಯೋ?

ಹಾಗಾಗಿ ಟೈಲ್ಸಿನ ವಿಷಯದಲ್ಲಿ ಸೋತರೂ ಕಾಶಿ ಒಂದರಲ್ಲಿ ಗೆಲ್ಲಲೇಬೇಕಿತ್ತು. ಗುರುಪ್ರಸಾದ ಪೆಟ್ಟಿಗೆಗಳ ಮೇಲೆ ಎರಡು ಬಾಟ್ಲಿ ಇಟ್ಟು, "ಇದು ಸೀಲರ್. ಬಿರುಕಿನ ಒಳಗೆ ನೀರು, ಎಣ್ಣೆ, ಮಸಾಲೆ ಇಳಿಬಾರ್ದು ಅಂದ್ರೆ ಟೈಲ್ಸ್ ನಡುವಿನ ಸಂದಿ ತುಂಬೂಕೆ ಮೊದ್ಲು ಒಂದ್ಸಲ ಹಚ್ಬೇಕು, ತುಂಬಿದ ಮೇಲೆ ಒಂದ್ಸಲ. ಮತ್ತೆ ವರ್ಷಕ್ಕೊಮ್ಮೆ," ಎಂದ.

"ಒಂದೇ ಸಾಕು," ಎಂದಳು ಕಾಶಿ.

"ಅಮ್ಮಾ, ಸಾಲೂದಿಲ್ಲ."

"ಒಂದು ಬಂಗಡೆಗೆ ಯಾರಾದ್ರೂ ಎರಡು ಸಲ ಉಪ್ಪು ಹಾಕ್ತಾರನಾ? ಒಂದು ಬಾಟ್ಲಿ ಒಳಗಿಡು."

ಕೋಡಿಬಾಗದವರೆಗೂ ಟೆಂಪೋದಲ್ಲಿ ಕಾಶಿ ಖುಷಿಯಾಗಿದ್ದಳು.

ಗೌಂಡಿ ಕೆಲಸಕ್ಕೆ ಬಂದವನು ಹಿಲ್ಲೂರಿನ ಸುಕ್ರ. ಕೆಲಸ ಚೊಕ್ಕ, ಮಾತು ಕಡಿಮೆ. ನಾಲ್ಕು ಪೆಟ್ಟಿಗೆಯ ಟೈಲ್ಸ್ ಒಟ್ಟಿಗೆ ನೆಲಕ್ಕೆ ಹರಡಿ, ಬಣ್ಣ ಕೂಡುವ ಹಾಗೆ ಕಲೆಸಿ ಕಲೆಸಿ ಹಚ್ಚಿದ. ಒಂದು ಟೈಲ್ಸಿನ ಮೇಲೆ ನೀರಿನ ಹನಿ ಬಿಟ್ಟು ಕಾಶಿಯನ್ನು ಕರೆದು ತೋರಿಸಿದ. ಹನಿ ಕುಳಿತಲ್ಲಿ ಗೆರೆಗಳು ಒಂದೊಂದಾಗಿ ಕಪ್ಪಾಗುತ್ತ ಹೋದವು.

"ನೋಡಿ ಕಾಶಕ್ಕಾ, ನೀರು ಕುಡಿತದೆ."

"ಇವತ್ತು ನೀರು ಕುಡಿತದೆ, ನಾಳೆ ಉಂಬೂಕೆ ಕೇಳ್ತದೆ," ಎಂದು ಕಾಶಿ ಮೂಗು ಮುರಿದಳು.

ಬುಧವಾರ ಸಂಜೆ ಸುಕ್ರ ಮೊದಲ ಸಲದ ಸೀಲರ್ ಹಚ್ಚುತ್ತ ಹಚ್ಚುತ್ತ ಬಂದ. ಗ್ಯಾಸ್ ಒಲೆಯ ಹಿಂದಿನ ಎರಡು ಸಾಲು ಉಳಿದಿರುವಾಗ ಬಾಟ್ಲಿ ಖಾಲಿಯಾಯಿತು. ಯಾರೂ ಕಾಶಿಯ ಮುಖ ನೋಡಲಿಲ್ಲ. ನೋಡಿದ್ದರೆ ಜಗಳವಾದರೂ ಆಡಬಹುದಿತ್ತು.

ಲತಾ ಹೇಳಿದಳು: "ನಾಳೆ ನಾನೇ ಅಂಕೋಲೆಗೆ ಹೋಗಿ ಇನ್ನೊಂದು ಬಾಟ್ಲಿ ತತ್ತೆ. ಅಲ್ಲಿವರೆಗೆ ಆ ಎರಡು ಸಾಲು ಯಾರೂ ಮುಟ್ಟೂದು ಬೇಡ ಅತ್ತೆ. ನೀರೂ ಬೇಡ, ಎಣ್ಣೆನೂ ಬೇಡ. ಹಾಲುಕ್ಕಿಸೂದು ಶನಿವಾರಕ್ಕೆ ಇಟ್ಕಳ್ವಾ."

"ಭಟ್ರು ಗುರುವಾರ ಹೇಳಿದ್ರು."

"ಭಟ್ರ ಹತ್ರ ನಾನು ಫೋನಲ್ಲಿ ಮಾತಾಡ್ದೆ. ಶನಿವಾರನೂ ಅಡ್ಡಿಲ್ಲ ಅಂದ್ರು."

"ಹೂಂ," ಎಂದಳು ಕಾಶಿ. ಕಾಶಿಯ ಹೂಂ ಎಂದರೆ ಇಲ್ಲ ಎಂದು ಅರ್ಥ. ಇದು ಕೋಡಿಬಾಗದ ನಾಯಿಗೂ ಗೊತ್ತು.

ಗುರುವಾರ ಒಂಬತ್ತಕ್ಕೆ ಲತಾ ಬಸ್ ಹತ್ತಿದಳು. ಕಿಶನ ಬೋಟಿನ ಮೇಲಿದ್ದ. ರಾಮಾ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ. ಕಾಶಿ ಹೊಸ ಅಡಿಗೆಮನೆಯ ನಡುವೆ ಒಬ್ಬಳೇ ನಿಂತಳು. ಫೋನಿನಲ್ಲಿ ಕೇಳಿದರೆ ಮುಹೂರ್ತ ಬದಲಿಸುವ ಭಟ್ಟನೂ ಒಬ್ಬ ಭಟ್ಟನೇ? ತಾನು ಮದುವೆಯಾಗಿ ಬಂದ ವರ್ಷ ಇದೇ ಜಾಗದಲ್ಲಿ ಒಲೆ ಹೊಸದಾಗಿ ಹಾಕಿದಾಗ, ಅತ್ತೆ ಅರಿಶಿನದಲ್ಲಿ ಕೈ ಅದ್ದಿ ಒಲೆಯ ಹಿಂದಿನ ಗೋಡೆಗೆ ಒತ್ತಿದ್ದಳು. ಮನೆಯ ಹಿರಿಯಳು ಒತ್ತುವುದು ಈ ಮನೆಯ ಪದ್ಧತಿ. ಮಣ್ಣುಗೋಡೆ, ಮರುವರ್ಷ ಸುಣ್ಣ ಬಳಿದರೆ ಗುರುತೂ ಉಳಿಯುವುದಿಲ್ಲ. ಈಗ ಹಿರಿಯಳು ಯಾರು? ಇನ್ನೂ ಬದುಕಿದ್ದಾಳಲ್ಲ ಕಾಶಿ!

ಹಾಲಿಟ್ಟಳು. ಹಾಲು ಉಕ್ಕಿ ಸುರಿಯಿತು. ಬಟ್ಟಲಲ್ಲಿ ಅರಿಶಿನ ಕಲೆಸಿ, ಅಂಗೈ ತುಂಬ ಬಳಿದುಕೊಂಡು, ಒಲೆಯ ಹಿಂದೆ ಸರಿಯಾಗಿ ನಡುವಿಗೆ, ಮೂವತ್ತೈದು ವರ್ಷ ಬುಟ್ಟಿ ಎತ್ತಿದ ತೋಳಿನ ಬಲವನ್ನೆಲ್ಲ ಹಾಕಿ ಒತ್ತಿದಳು. ಅದೇ ಹೊತ್ತಿಗೆ ಗೋಡೆಯೊಳಗಿಂದ 'ಟಿಣ್' ಎಂದು ಸಣ್ಣ ಸದ್ದು ಬಂತು. ಬಿಸಿಗೆ ಎಲ್ಲೋ ಇನ್ನೊಂದು ಗೆರೆ ಬಿರಿದಿತ್ತು.

"ಅಗೇ ಬಾಯೀ, ದೇವಿ ಮಾತಾಡಿದ್ಳು!" ಎಂದು ಕೈ ಮುಗಿದಳು. ದೇವಿ ಬೈದಳೋ ಹರಸಿದಳೋ ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ಸರಿ, ಶಾಸ್ತ್ರವಾಯಿತು, ಇನ್ನು ಸೊಸೆ ಬರುವುದರೊಳಗೆ ಒರೆಸಿಬಿಟ್ಟರೆ ಮುಗಿಯಿತು. ಒದ್ದೆ ಬಟ್ಟೆ ತಂದು ಒರೆಸಿದಳು. ಮೇಲಿನ ಅರಿಶಿನ ಬಂತು. ಗೆರೆಯೊಳಗಿನದು ಬರಲಿಲ್ಲ. ಐದು ಬೆರಳು, ಅಂಗೈ, ಎಲ್ಲ ಹಳದಿ ನೂಲಿನಲ್ಲಿ ಹೆಣೆದಂತೆ ಗೋಡೆಯಲ್ಲಿ ಕೂತಿತ್ತು. ಬಟ್ಟೆ ಒಗೆಯುವ ಸಾಬೂನು ಉಜ್ಜಿದಳು. ಹಳದಿ ಹೋಗಿ ರಕ್ತಗೆಂಪಾಯಿತು. ಅಯ್ಯಯ್ಯೋ! ಇನ್ನು ಒಂದೇ ದಾರಿ. ಹಿತ್ತಾಳೆ ದೀಪ, ತಾಮ್ರದ ಹಂಡೆ, ಏನೇ ಕಪ್ಪಾಗಲಿ, ಸಾರಿಗೆ ಹಿಂಡಿ ಉಳಿದ ಮುರುಗಲ ಹಣ್ಣಿನ ಹುಳಿ ಸಿಪ್ಪೆ ಹಾಕಿ ತಿಕ್ಕಿದರೆ ಫಳಫಳ ಅನ್ನುತ್ತದೆ. ಹುಟ್ಟಿದಾಗಿನಿಂದ ತಿಕ್ಕಿದ ಕೈ ಅದು. ಹುಳಿ ತಾಗಿ ಕೆಂಪು ಮತ್ತೆ ಹಳದಿಯಾಯಿತು, ನಿಜ. ಆದರೆ ಮುರುಗಲಿನ ಕೆನ್ನೇರಳೆ ಬಣ್ಣ ಸುತ್ತಲಿನ ಗೆರೆಗಳಿಗೆಲ್ಲ ಇಳಿದು, ಹಳದಿ ಕೈಗೆ ಒಳ್ಳೆ ಜರಿ ಅಂಚು ಕಟ್ಟಿಕೊಟ್ಟಿತು.

ಕಾಶಿ ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಎದ್ದು ಒಂದು ಮೊರ ತಂದು ಅಡ್ಡ ನಿಲ್ಲಿಸಿದಳು.

ನೀರು ಕುಡಿಯಲು ಬಂದ ರಾಮಾ ಕೇಳಿದ: "ಒಲೆ ಹಿಂದೆ ಮೊರ ಎಂತಕ್ಕೆ?"

"ನಿಮ್ಗೆ ಬಲೆ ಅದೆ ಅಲ್ದಾ? ಅದ್ನ ನೋಡ್ಕಳಿ."

ಮಧ್ಯಾಹ್ನ ಲತಾ ಬಾಟ್ಲಿ ಹಿಡಿದು ಬಂದಳು. ಹಿಂದೆಯೇ ಸುಕ್ರ. ಲತಾ ಒಲೆಯ ಮೇಲಿನ ಹಾಲಿನ ಕಲೆ ನೋಡಿದಳು, ಮೊರ ನೋಡಿದಳು.

"ಬೆಕ್ಕು ಬಂದಿತ್ತೇ," ಎಂದು ಕಾಶಿ ಶುರು ಮಾಡಿದಳು. "ಸುಕ್ರನೂ ಸರಿ ಹಚ್ಚಿರ್ಲಿಲ್ಲ. ಆ ಅಂಗಡಿಯವನ ಮಾಲೇ..."

ಲತಾ ಮೊರ ತೆಗೆದಳು. ಗೋಡೆಯ ಕೈ ನೋಡಿದಳು, ತಿರುಗಿ ಅತ್ತೆಯ ಕೈ ನೋಡಿದಳು. ಅದಿನ್ನೂ ಹಳದಿಯಾಗಿತ್ತು. ಕಾಶಿ ಸೆರಗಿನೊಳಗೆ ಎಳೆದುಕೊಂಡಳು.

ಬೈಯುತ್ತಾಳೆ ಎಂದು ಕಾಶಿ ಸೊಂಟ ಕಟ್ಟಿ ನಿಂತಿದ್ದಳು. ಬೈದಿದ್ದರೆ ತಿರುಗಿ ಹತ್ತು ಬೈಯುವ ತಾಕತ್ತಿತ್ತು. ಲತಾ ಬೈಯಲಿಲ್ಲ. ಒಮ್ಮೆಗೇ ಅತ್ತುಬಿಟ್ಟಳು, ಸಣ್ಣ ಹುಡುಗಿಯ ಹಾಗೆ, ಮೂಗು ಸುರಿಸಿಕೊಂಡು.

"ಆರು ವರ್ಷದಾಗೆ ನಾನು ಒಂದು ಗೋಡೆ ಕೇಳಿದ್ದೆ ಅತ್ತೆ. ಒಂದು ಗೋಡೆ. ಅದ್ರ ಮೇಲೂ ಕೈ ಇಟ್ರಲ್ಲ."

ಒಬ್ಬಳನ್ನು ಆರು ವರ್ಷ ಉಪ್ಪಿಗಾಗಿ ಅಲೆಸಿದ್ದು ಕಾಶಿಗೆ ಮೊದಲ ಸಲ ನಾಚಿಕೆ ತಂದಿತು.

ಸುಕ್ರ ಕೆಮ್ಮಿದ. "ಎಂಟು ಟೈಲ್ಸ್ ಉಳ್ದದೆ. ಇದ್ನ ಒಡ್ದು ತೆಗ್ದು ಬೇರೆ ಹಚ್ಚೂಕೆ ಬರ್ತದೆ."

"ಒಡಿ ಸುಕ್ರಾ," ಎಂದಳು ಕಾಶಿ. ದನಿ ಅವಳದೇ ಎಂದು ಅವಳಿಗೇ ಅನಿಸಲಿಲ್ಲ. "ನನ್ನ ಕೈಯೇ ಅಲ್ದಾ, ಒಡಿ. ಅವ್ಳ ಗೋಡೆ ಅದು."

ಸುಕ್ರ ಉಳಿ ತೆಗೆದ. ಅಂಗೈಯ ನಡುವಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದ.

"ನಿಲ್ಲು," ಎಂದಳು ಲತಾ.

ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದಳು. ಆಮೇಲೆ ಲತಾ ಬಾಟ್ಲಿಯ ಮುಚ್ಚಳ ತೆಗೆದು, ಬಟ್ಟೆಗೆ ಸೀಲರ್ ಹಾಕಿ, ಗೋಡೆಯ ಆ ಹಳದಿ ಕೈಯ ಹೆಬ್ಬೆರಳಿನಿಂದಲೇ ಶುರು ಮಾಡಿ ಹಚ್ಚತೊಡಗಿದಳು.

ಸುಕ್ರ ಗಾಬರಿಯಾದ. "ತಂಗೀ, ಕಲೆ ಮೇಲೆ ಹಚ್ಚಿದ್ರೆ ಅದು ಒಳಗೇ ಕೂತ್ಕಳ್ತದೆ. ಮತ್ತೆ ಈ ಜನ್ಮದಲ್ಲಿ ಹೋಗೂದಿಲ್ಲ."

"ಹೋಗೂದು ಬೇಡ," ಎಂದಳು ಲತಾ. "ಇರ್ಲಿ. ಬಂದವ್ರೆಲ್ಲ ಇದು ಎಂತದು ಕೇಳ್ತಾರೆ. ಅತ್ತೆನೇ ಹೇಳ್ಲಿ. ವರ್ಷಾ ವರ್ಷಾ ನಾನು ಸೀಲರ್ ಹಚ್ಚೂಕೆ ಹತ್ತಿದಾಗ ಸ್ಟೂಲನ್ನೂ ಅವ್ರೇ ಹಿಡೀಲಿ."

ಇದು ಕ್ಷಮೆಯೋ ಶಿಕ್ಷೆಯೋ ಕಾಶಿಗೆ ತಿಳಿಯಲಿಲ್ಲ. ಆದರೂ ಸುಕ್ರ ಉಳಿಯನ್ನು ಚೀಲಕ್ಕೆ ಹಾಕಿದ ಮೇಲೆಯೇ ಅವಳು ಹೋಗಿ ಕೈ ತೊಳೆದುಕೊಂಡದ್ದು.

ಮೊದಲು ಬಂದು ಕೇಳಿದವಳು, ಯಾರು ಬರಬಾರದಿತ್ತೋ ಅವಳೇ. ಭಾನುವಾರ ಬೆಳಿಗ್ಗೆ ಅಂಕೋಲೆಯಿಂದ ನಾದಿನಿ ವೈಜಯಂತಿ ಇಳಿದಳು. ಕಾಶಿಯ ಒಂದು ತಪ್ಪು ಕಾಣಬೇಕೆಂದು ಮೂವತ್ತು ವರ್ಷದಿಂದ ಹರಕೆ ಹೊತ್ತಂತಿದ್ದ ಹೆಂಗಸು ಅವಳು. ಒಳಗೆ ಬಂದವಳ ಕಣ್ಣು ಸೀದಾ ಒಲೆಯ ಹಿಂದಕ್ಕೆ ಹೋಯಿತು.

"ಅಯ್ಯ! ಇದೆಂತದೇ ಅತ್ತಿಗೆ?"

ಕಾಶಿಯ ಹತ್ತಿರ ಮೂರು ಸುಳ್ಳು ತಯಾರಿದ್ದವು. ಒಂದು, ಇದು ಹೊಸ ಡಿಸೈನು. ಎರಡು, ದೇವಿಯ ಕೈ, ಮಾತೂ ಆಡಿದೆ. ಮೂರನೆಯದು ಬೆಕ್ಕಿನದು. ಎರಡನೆಯದು ಹೇಳಿದ್ದರೆ ವೈಜಯಂತಿ ಅಲ್ಲೇ ಅಡ್ಡಬಿದ್ದು ಕಾಣಿಕೆ ಇಡುತ್ತಿದ್ದಳು, ಅನುಮಾನವಿಲ್ಲ. ಲತಾ ಅತ್ತ ತಿರುಗಿ ಬಂಗಡೆಗೆ ಮಸಾಲೆ ಅರೆಯುತ್ತಿದ್ದಳು. ಮಿಕ್ಸಿ ನಿಲ್ಲಿಸಿದಳು, ತಿರುಗಿ ನೋಡಲಿಲ್ಲ.

"ನಂದೇ ಕೈ," ಎಂದಳು ಕಾಶಿ. "ಮುಟ್ಬೇಡಿ ಅಂತ ಅವ್ಳು ಹೇಳಿದ್ಳು. ನಾನು ಕೇಳ್ಲಿಲ್ಲ. ಬಾಟ್ಲಿ ಎರಡು ಬೇಕು ಅಂದ್ರು, ಅದ್ನೂ ಕೇಳ್ಲಿಲ್ಲ. ತಪ್ಪು ನಂದೇ, ಸಾಕಾ?"

ವೈಜಯಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಫೋನ್ ತೆಗೆದು ಫೋಟೋ ಹೊಡೆದಳು. ಅದು ಸಂಜೆಯೊಳಗೆ ಬೈತಖೋಲದಿಂದ ಬೇಲೇಕೇರಿಯವರೆಗೆ ಮುಟ್ಟುತ್ತದೆಂದು ಕಾಶಿಗೆ ಗೊತ್ತಿತ್ತು. ಮುಟ್ಟಲಿ, ಸಾಯಲಿ. ಕಿವಿ ಬಿಸಿಯಾದರೂ ನಿಂತೇ ಇದ್ದಳು. ಮಿಕ್ಸಿ ಮತ್ತೆ ಶುರುವಾಯಿತು.

ಹುರಿಯಲು ತೆಗೆದಿಟ್ಟ ನಾಲ್ಕು ಬಂಗಡೆ ಕಟ್ಟೆಯ ಮೇಲಿದ್ದವು. ಸುಮ್ಮನೆ ನಿಲ್ಲಲಾರದೆ ಕಾಶಿ ಅವಕ್ಕೆ ಉಪ್ಪು ಸವರಲು ಹೋದಳು. ಒಲೆಯ ಬಲಕ್ಕೆ ಕೈ ಹಾಕಿದಳು, ಡಬ್ಬಿ ಇರಲಿಲ್ಲ. ಮೇಲಿನ ಗೂಡಿನಲ್ಲಿ ನೋಡಿದಳು, ಅಲ್ಲೂ ಇರಲಿಲ್ಲ. ಹೊಸ ಅಡಿಗೆಮನೆ ಜೋಡಿಸಿದವಳು ಲತಾ. ತಟ್ಟೆ ಎಲ್ಲಿ, ಸೌಟು ಎಲ್ಲಿ, ಯಾವುದೂ ಕಾಶಿಗೆ ಗೊತ್ತಿರಲಿಲ್ಲ. ವೈಜಯಂತಿ ಕಣ್ಣರಳಿಸಿ ನೋಡುತ್ತಿದ್ದಳು.

"ಲತಾ," ಎಂದು ಕರೆದಳು. "ಉಪ್ಪು ಎಲ್ಲಿಟ್ಟಿದ್ಯೇ?"

ಲತಾ ಈಗ ತಿರುಗಿದಳು. ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು.

"ಗೋಡೆ ಮೇಲೆ ನಿಮ್ಮ ಕೈ ಅದೆ ಅಲ್ದಾ ಅತ್ತೆ, ಅದ್ರ ಕೆಳಗೇ ಅದೆ," ಎಂದಳು. "ಇನ್ನು ಯಾವಾಗ್ಲೂ ಅಲ್ಲೇ ಇರ್ತದೆ."