ಗಂಟೆ ಹೊಡೆದರೆ ಡುಮ್ಮ

ಸ್ಪರ್ಧೆಯ ದಿನ ಬೆಳಿಗ್ಗೆ ಮಾವ ಸರಪಳಿ ಬೀಸಿದಾಗ ಅವಳು ಕೈ ಅಡ್ಡ ಹಿಡಿದಳು. ಡುಮ್ಮನ ಮುಂಗಾಲಿಗೆ ಬೀಳಬೇಕಾದ ಏಟು ಅವಳ ಬೆರಳಿಗೆ ಬಿತ್ತು. ಒಳಗೇನೋ ಲಟಕ್ಕೆಂದಿತು. ಅವಳು ಕೂಗಲಿಲ್ಲ; ಕೂಗಿ ಅಭ್ಯಾಸವೇ ಇರಲಿಲ್ಲ. ಅಮ್ಮ ಸತ್ತ ಮೇಲೆ ಸಾಕಿದ ಈ ಸೋದರಮಾವನೇ ಅವಳಿಗೆ ಮೂಗಿ ಅಂತ ಹೆಸರಿಟ್ಟಿದ್ದು.

"ಅಡ್ಡ ಬಂದ್ರೆ ಹಿಂಗೇ ಆಗೋದು," ಅಂದ ಮಾವ. "ಕಾಲಿಗೆ ನಾಲ್ಕು ಬಿಗಿದ್ರೆ ಹೆಜ್ಜೆ ತಾನಾಗೇ ಎತ್ತುತ್ತೆ."

ಡುಮ್ಮ ಮಾವನ ಮರದ ಅಡ್ಡೆಯಲ್ಲಿ ಒಂಬತ್ತು ವರ್ಷ ದಿಮ್ಮಿ ಎಳೆದ ಕುದುರೆ. ಗುಡ್ಡದಂಥ ಹಿಂಭಾಗ, ಮೊರದಗಲ ಗೊರಸು. ಅಲ್ಲಿ ಗಂಟೆ ಬಾರಿಸಿತೆಂದರೆ ಮಾವ ಹಿಂದೆ ನಿಂತು ತೊಡೆಗೆ ಚಾಟಿ ಬಿಗಿಯುತ್ತಿದ್ದ. ಡುಮ್ಮನ ಸೊಂಟದ ಮೇಲೆ ಬಿಗಿದ ಪಟ್ಟಿಯಿಂದಾಗಿ ಅವನಿಗೆ ಒದೆಯಲು ಆಗುತ್ತಿರಲಿಲ್ಲ, ಎಳೆಯುವುದೊಂದೇ ದಾರಿ.

ಹೋದ ವರ್ಷ, ವಯಸ್ಸಾಯಿತೆಂದು ಅವನನ್ನು ಕಸಾಯಿಖಾನೆಗೆ ಅಟ್ಟಲು ಹೊರಟಾಗ ಅವಳು ಮೊದಲ ಸಲ ಬಾಯಿ ಬಿಟ್ಟಳು. ಡ್ರೆಸಾಜ್ ಕಲಿಸ್ತೀನಿ, ಕುದುರೆ ಮೇಲೆ ಕೂತು ಅದನ್ನ ಅಳೆದ ಹೆಜ್ಜೆಯಲ್ಲಿ ನಡೆಸಿ ತೋರಿಸೋ ಸ್ಪರ್ಧೆ, ಅಂದಳು. ಅಡ್ಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೆದುರಿನ ಗತ್ತಿಗೆ ಮಾವ ಮಾತು ಕೊಟ್ಟ: ನೂರಕ್ಕೆ ಅರವತ್ತು ಅಂಕ ತಂದರೆ ಕುದುರೆ ಅವಳದು, ಒಂದು ಕಡಿಮೆಯಾದರೂ ಸ್ಪರ್ಧೆ ಮುಗಿದ ಸೋಮವಾರವೇ ಕತ್ತಿಗೆ.

ಸ್ಪರ್ಧೆಯೂ ಗಂಟೆಯಿಂದಲೇ ಶುರು. ವರ್ಷವಿಡೀ ಅವಳು ಹೆಜ್ಜೆ ಕಲಿಸುವುದು, ಕೈಗಂಟೆ ಬಾರಿಸುವುದು, ಕ್ಯಾರೆಟ್ ತಿನ್ನಿಸುವುದು, ಇದೇ ಮಾಡಿದ್ದಳು. ಅವಳು ಬೆನ್ನ ಮೇಲಿದ್ದರೆ ಡುಮ್ಮನಿಗೆ ಗಂಟೆಯ ಭಯ ಹೋಗಿತ್ತು. ಹಿಂದೆ ಯಾರಾದರೂ ನಿಂತಿದ್ದರೆ ಮಾತ್ರ ಹೋಗಿರಲಿಲ್ಲ. ಅವನ ಒದೆತಕ್ಕೆ ಲಾಯದ ಹಲಗೆ ಎರಡು ಸಲ ಪುಡಿಯಾಗಿತ್ತು.

ಕಣದ ಬಾಗಿಲಲ್ಲಿ ತಪಾಸಣೆಯವಳು ಬಿಳಿ ಕೈಗವಸಿನಿಂದ ಡುಮ್ಮನ ಕುತ್ತಿಗೆ ಸವರಿದಳು. ಗವಸು ಕೆಂಪಾಯಿತು. ಕುದುರೆಯ ಮೈಯಲ್ಲಿ ರಕ್ತ ಕಂಡರೆ ಸ್ಪರ್ಧೆಯಿಂದ ಹೊರಗೆ, ಅದೇ ನಿಯಮ.

ಡುಮ್ಮನ ಬೆನ್ನ ಮೇಲಿದ್ದ ಅವಳು ತನ್ನ ಕೈಗವಸು ಕಿತ್ತಳು. ಒಂದು ಉಗುರು ಅದರ ಜೊತೆಗೇ ಬಂತು.

"ರಕ್ತ ನನ್ನದು."

ಪಶುವೈದ್ಯ ಡುಮ್ಮನನ್ನು ಬಾಯಿಂದ ಬಾಲದವರೆಗೆ ನೋಡಿ, ಗಾಯವಿಲ್ಲ ಅಂದ. ಹೊಡೆದದ್ದು ಯಾರು ಅಂತ ತಪಾಸಣೆಯವಳು ಕೇಳಿದಳು. ಮಾವನ ಹೆಸರೆತ್ತಿದರೆ ಮಾವನ ಕುದುರೆಯೂ ಹೊರಗೆ.

"ಬಾಗಿಲಿಗೆ ಸಿಕ್ಕಿತು," ಅಂದಳು.

ಗಂಟೆ ಬಾರಿಸಿತು. ಡುಮ್ಮ ಅವಳ ಕೆಳಗೆ ಒಮ್ಮೆ ನಡುಗಿ, ನಿಂತು, ನಡೆದ. ತೆಳು ಕಾಲಿನ ಕುದುರೆಗಳ ಸವಾರರು, ಗಾಡಿ ಎಲ್ಲಿ ಬಿಟ್ಟು ಬಂದ್ರಿ ಅಂತ ಕಿಚಾಯಿಸಿದ್ದರು. ಡುಮ್ಮ ವೃತ್ತ ಸುತ್ತುವಾಗ ಅವರೇ ಬೇಲಿಯ ಹತ್ತಿರ ಬಂದು ನೋಡುತ್ತ ನಿಂತರು. ಲಗಾಮು ಹಿಡಿದ ಕೈಯಲ್ಲಿ ಮುರಿದ ಮೂಳೆ ಮೂಳೆಗೆ ತಿಕ್ಕುತ್ತಿತ್ತು. ಅವಳು ಹಿಡಿತ ಸಡಿಲಿಸಲಿಲ್ಲ.

ಅರವತ್ತೊಂದು.

ಅವಳು ಇಳಿದು ಡುಮ್ಮನ ಪಕ್ಕ ನಿಂತಳು. ಅಡ್ಡೆಯವರು ಬಿಡಲಿಲ್ಲ, ಅಲ್ಲೇ ಮಾವನ ಕೈಲಿ ಕುದುರೆಯ ಕಾಗದಕ್ಕೆ ಸಹಿ ಹಾಕಿಸಿದರು. ಎಲ್ಲ ನನ್ನ ಏಟಿನ ಮಹಿಮೆ ಅಂದ ಅವನು, ಸೊಂಟದಿಂದ ಚಾಟಿ ಬಿಚ್ಚಿದ.

"ಕೊನೇದೊಂದು ಕೊಟ್ಟೇಬಿಡ್ತೀನಿ. ನನ್ನ ನೆನಪಿಗಿರ್ಲಿ."

ಒಂಬತ್ತು ವರ್ಷ ನಿಂತ ಹಾಗೆಯೇ ಹೋಗಿ ಡುಮ್ಮನ ಹಿಂದೆ ನಿಂತ. ಒದೆ ತಡೆಯುವ ಪಟ್ಟಿ ಇವತ್ತು ಡುಮ್ಮನ ಮೇಲಿಲ್ಲವೆಂಬುದು ಅವನ ತಲೆಗೆ ಬರಲೇ ಇಲ್ಲ. ಅವಳಿಗೆ ಬಂತು. ಆಚೆ ತೀರ್ಪುಗಾರ್ತಿ ಮುಂದಿನ ಸವಾರನಿಗಾಗಿ ಗಂಟೆಯ ಹಗ್ಗಕ್ಕೆ ಕೈ ಹಾಕುವುದೂ ಕಂಡಿತು. "ಮಾವ, ಸರಿ ಆಚೆ" ಅಂತ ಅವಳು ಅಂದಿದ್ದರೆ ಸಾಕಿತ್ತು. ನಾಲಿಗೆ ಎಲ್ಲ ದಿನದಂತೆ ಸುಮ್ಮನಿತ್ತು. ಇವತ್ತು ಮಾತ್ರ ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಗಂಟೆ ಬಾರಿಸಿತು.

ಎರಡೂ ಗೊರಸು ಒಟ್ಟಿಗೆ ಎದೆಗೆ ಬಿದ್ದವು. ಒಣ ಹಲಗೆ ಸೀಳಿದ ಸದ್ದು. ಮಾವ ಬೇಲಿಗೆ ಹೋಗಿ ಬಡಿದು ಕುಸಿದ. ಬಾಯಿಂದ ರಕ್ತ ಗುಳ್ಳೆ ಗುಳ್ಳೆಯಾಗಿ ಬಂತು, ಏನೋ ಹೇಳಲು ನೋಡಿದ, ಮಾತು ಹೊರಡಲಿಲ್ಲ.

"ನೀನು ಪಕ್ಕದಲ್ಲೇ ಇದ್ದೆಯಲ್ಲೇ," ಅಂದ ಅಡ್ಡೆಯ ಮುದುಕ. "ಒಂದು ಮಾತು ಹೇಳಬಾರದಿತ್ತಾ?"

ಅವಳು ಎಡಗೈಯನ್ನು ಜೇಬಿಗೆ ಹಾಕಿ ಕ್ಯಾರೆಟ್ ತೆಗೆದಳು. ಗಂಟೆ ಬಾರಿಸಿತ್ತಲ್ಲ, ಡುಮ್ಮ ಕಾಯುತ್ತಿದ್ದ.